ಮಿಟುಕುವ ದೀಪ, ಉರಿಯುವ ದೀಪ

ಕಳೆದ ಮಳೆಗಾಲದ ಒಂದು ಸಂಜೆ. ಮಗ್ರಿಬ್‌ಗೆ ಇನ್ನೂ ಸ್ವಲ್ಪ ಹೊತ್ತಿತ್ತು. ಕೊಟ್ಟಿಗೆಹಾರದ ಒಂದು ಚಹಾದಂಗಡಿಯಿಂದ ನನ್ನ ತಂಗಿ ಫೋನ್ ಮಾಡಿದಳು. ಸ್ವರ ನಡುಗುತ್ತಿತ್ತು.

“ಅಕ್ಕಾ, ಚಾರ್ಮಾಡಿಯಲ್ಲಿ ಕಾರು ಜಾರಿತು. ನಮಗೇನೂ ಆಗಿಲ್ಲ, ಮಕ್ಕಳು ಚೆನ್ನಾಗಿದ್ದಾರೆ. ಆದರೆ ಇಲ್ಲಿಂದ ಮುಂದೆ ಓಡಿಸಲು ನನಗೆ ಧೈರ್ಯ ಬರುತ್ತಿಲ್ಲ.”

ಅವಳ ಗಂಡ ದಮ್ಮಾಮ್‌ನಲ್ಲಿದ್ದಾರೆ. ಲೈಸನ್ಸ್ ಪಡೆದು ಎರಡು ವರ್ಷವಾಯಿತು. ಮಕ್ಕಳ ಶಾಲೆ, ಅತ್ತೆಯ ಆಸ್ಪತ್ರೆ, ಮದುವೆ ಮನೆ ಎಲ್ಲಕ್ಕೂ ಅವಳೇ ಚಾಲಕಿ. ಅಂದು ಮೂಡಿಗೆರೆಯ ನಾದಿನಿಯ ಮನೆಗೆ ಹೊರಟಿದ್ದಳು. ಘಾಟಿಯ ಒಂದು ಕಡಿದಾದ ತಿರುವಿನಲ್ಲಿ ಆಕ್ಸಿಲರೇಟರ್ ಒತ್ತಿದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಮಿಟುಕತೊಡಗಿತು. ಪುಟ್ಟ ಕಾರಿನ ಚಿತ್ರ, ಅದರ ಕೆಳಗೆ ಹಾವು ಹರಿದಂತೆ ಎರಡು ಡೊಂಕು ಗೆರೆಗಳು. ಅವಳಿಗೆ ಗಾಬರಿಯಾಯಿತು. ಸ್ಟೀರಿಂಗಿನ ಬಲಬದಿಯಲ್ಲಿ ಅದೇ ಚಿತ್ರವಿದ್ದ ಒಂದು ಬಟನ್ ಕಂಡಿತು. ದೀಪ ಆರಿಸುವ ಬಟನ್ ಇರಬೇಕೆಂದು ಒತ್ತಿಯೇ ಬಿಟ್ಟಳು. ಮಿಟುಕುವುದು ನಿಂತಿತು. ಅದರ ಬದಲು ಅದೇ ಚಿತ್ರ ‘ಆಫ್’ ಎಂಬ ಅಕ್ಷರಗಳೊಂದಿಗೆ ಸ್ಥಿರವಾಗಿ ಉರಿಯತೊಡಗಿತು. ಮುಂದಿನ ತಿರುವಿನಲ್ಲಿ ಚಕ್ರ ಗಿರ್ರೆಂದು ತಿರುಗಿ, ಕಾರಿನ ಮುಂಭಾಗ ತಿರುವಿನ ಹೊರಬದಿಗೆ ಜಾರಿ ತಡೆಗೋಡೆಯ ಹತ್ತಿರ ಹೋಗಿ ನಿಂತಿತು.

ತಂಗಿ ಏನು ಮಾಡಿದ್ದಳು ಗೊತ್ತೇ? ಕಾರು ಜಾರದಂತೆ ಹಿಡಿದಿದ್ದ ಕೈಯನ್ನೇ ಬಿಡಿಸಿಬಿಟ್ಟಿದ್ದಳು.

ಮದ್ರಸಾದಲ್ಲಿ ಅರಬಿ ವ್ಯಾಕರಣ ಕಲಿಸುವವಳಿಗೆ ಕಾರಿನ ಬಟನ್ ಸುದ್ದಿ ಯಾಕೆ ಎಂದು ನೀವು ಕೇಳಬಹುದು. ಈ ಪುಟದಲ್ಲಿ ಗ್ಯಾಸ್ ಸಿಲಿಂಡರಿನ ಬಗ್ಗೆಯೂ ಬರೆದಿದ್ದೇನೆ, ಮಿಕ್ಸಿಯ ಬಗ್ಗೆಯೂ ಬರೆದಿದ್ದೇನೆ. ಇಂದು ನಮ್ಮ ಎಷ್ಟೋ ಮನೆಗಳಲ್ಲಿ ಕಾರಿನ ಕೀಲಿ ಇರುವುದು ಹೆಂಗಸರ ಪರ್ಸಿನಲ್ಲಿ. ಆದರೆ ಡ್ರೈವಿಂಗ್ ಸ್ಕೂಲಿನಲ್ಲಿ ಕ್ಲಚ್, ಗೇರ್, ಎಂಟು ಹಾಕುವುದು ಕಲಿಸುತ್ತಾರೆಯೇ ಹೊರತು ದೀಪಗಳ ಭಾಷೆ ಕಲಿಸುವುದಿಲ್ಲ. ಅದೂ ಒಂದು ಲಿಪಿಯೇ. ‘ಬಾ’ ಅಕ್ಷರಕ್ಕೆ ಕೆಳಗೆ ಒಂದು ಚುಕ್ಕೆ, ‘ತಾ’ ಅಕ್ಷರಕ್ಕೆ ಮೇಲೆ ಎರಡು ಚುಕ್ಕೆ. ಆಕಾರ ಒಂದೇ, ಓದು ಬೇರೆ. ಇಲ್ಲಿಯೂ ಚಿತ್ರ ಒಂದೇ, ಮಿಟುಕಿದರೆ ಒಂದು ಅರ್ಥ, ನಿಂತು ಉರಿದರೆ ಇನ್ನೊಂದು.

ಮಿಟುಕಿದರೆ: ರಸ್ತೆ ಜಾರುತ್ತಿದೆ, ನಾನು ಕೆಲಸ ಮಾಡುತ್ತಿದ್ದೇನೆ ಎಂದರ್ಥ. ಕಾರು ಕೆಟ್ಟಿಲ್ಲ. ಆಗ ನೀವು ಮಾಡಬೇಕಾದದ್ದು ಆಕ್ಸಿಲರೇಟರಿನ ಮೇಲಿನ ಕಾಲನ್ನು ಮೆಲ್ಲಗೆ ಹಗುರ ಮಾಡುವುದು, ಸ್ಟೀರಿಂಗನ್ನು ಎಳೆದಾಡದೆ ಹಿಡಿಯುವುದು, ವೇಗ ತಗ್ಗಿಸುವುದು. ಅಷ್ಟೇ. ಬಟನ್ ಕಡೆ ಕೈ ಹೋಗಬಾರದು.

ಒಳಗೆ ನಡೆಯುವುದೇನು? ಪಾಚಿ ಹಿಡಿದ ಅಂಗಳದಲ್ಲಿ ಬಟ್ಟೆ ಒಣಹಾಕಲು ಹೋಗುವಾಗ ಕಾಲು ಜಾರಿತೆಂದರೆ ನಾವು ತಕ್ಷಣ ಹೆಜ್ಜೆ ಸಣ್ಣದು ಮಾಡುತ್ತೇವಲ್ಲವೇ? ಕಾರಿಗೆ ಆ ಬುದ್ಧಿಯನ್ನು ಕೊಟ್ಟಿರುವುದೇ ಟ್ರ್ಯಾಕ್ಷನ್ ಕಂಟ್ರೋಲ್. ನಾಲ್ಕು ಚಕ್ರಗಳ ಬಳಿಯೂ ಒಂದೊಂದು ಸೆನ್ಸರ್ ಇದ್ದು, ಯಾವ ಚಕ್ರ ಎಷ್ಟು ವೇಗವಾಗಿ ತಿರುಗುತ್ತಿದೆ ಎಂದು ಕ್ಷಣಕ್ಷಣಕ್ಕೂ ಕಂಪ್ಯೂಟರಿಗೆ ಹೇಳುತ್ತಿರುತ್ತದೆ. ಎಂಜಿನ್ನಿನ ಶಕ್ತಿ ಸಿಗುವ ಎರಡು ಚಕ್ರಗಳಲ್ಲಿ ಒಂದು ಕೆಸರಿನ ಮೇಲಿದ್ದರೆ ಶಕ್ತಿಯೆಲ್ಲ ಸುಲಭವಾಗಿ ತಿರುಗುವ ಆ ಚಕ್ರದಲ್ಲೇ ಪೋಲಾಗುತ್ತದೆ. ಗಟ್ಟಿ ನೆಲದ ಮೇಲಿರುವ ಚಕ್ರ ಸುಮ್ಮನಿರುತ್ತದೆ. ಕಂಪ್ಯೂಟರ್ ಆಗ ಎಂಜಿನ್ನಿನ ಶಕ್ತಿಯನ್ನು ತುಸು ಕಡಿಮೆ ಮಾಡುತ್ತದೆ, ಅಥವಾ ಸುಮ್ಮನೆ ತಿರುಗುವ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ ಶಕ್ತಿಯನ್ನು ಇನ್ನೊಂದು ಚಕ್ರಕ್ಕೆ ಕಳಿಸುತ್ತದೆ.

ಇದರ ಜೊತೆಗೇ ಬರುವ ಇನ್ನೊಂದು ವ್ಯವಸ್ಥೆಗೆ ಕಂಪನಿಗಳು ಇಎಸ್‌ಪಿ, ಇಎಸ್‌ಸಿ ಎಂದೆಲ್ಲ ಹೆಸರಿಟ್ಟಿವೆ. ಸ್ಟೀರಿಂಗ್ ಎತ್ತ ತಿರುಗಿದೆ, ಕಾರು ನಿಜವಾಗಿ ಎತ್ತ ಹೋಗುತ್ತಿದೆ ಎಂದು ತಾಳೆ ನೋಡಿ, ಎರಡೂ ಬೇರೆಯಾದರೆ ಬೇಕಾದ ಒಂದು ಚಕ್ರವನ್ನು ಮಾತ್ರ ಹಿಡಿದು ಕಾರನ್ನು ದಾರಿಗೆ ತರುವುದು ಇದರ ಕೆಲಸ. ಹೆಚ್ಚಿನ ಕಾರುಗಳಲ್ಲಿ ಎರಡಕ್ಕೂ ಅದೇ ದೀಪ, ಅದೇ ಬಟನ್. 1995ರಲ್ಲಿ ದುಬಾರಿ ಮರ್ಸಿಡಿಸ್ ಕಾರಿನಲ್ಲಿ ಇದು ಬಂತು. 1997ರಲ್ಲಿ ಸ್ವೀಡನ್ನಿನ ಪತ್ರಕರ್ತರು ಅದೇ ಕಂಪನಿಯ ಹೊಸ ಸಣ್ಣ ಕಾರನ್ನು, ರಸ್ತೆಗೆ ದೊಡ್ಡ ಪ್ರಾಣಿ ಅಡ್ಡ ಬಂದರೆ ತಪ್ಪಿಸುವಂತೆ ಎಡಕ್ಕೂ ಬಲಕ್ಕೂ ತಿರುಗಿಸಿ ಪರೀಕ್ಷಿಸಿದಾಗ ಅದು ಮಗುಚಿ ಬಿತ್ತು. ಕಂಪನಿಯವರು ಆ ಸಣ್ಣ ಕಾರಿಗೂ ಇದನ್ನು ಅಳವಡಿಸಬೇಕಾಯಿತು. ಹೀಗೆ ಶ್ರೀಮಂತರ ಸವಲತ್ತು ಸಾಮಾನ್ಯರ ಕಾರಿಗೂ ಇಳಿಯಿತು. ನಮ್ಮಲ್ಲಿ ಸುರಕ್ಷತೆಗೆ ನಕ್ಷತ್ರ ಕೊಡುವ ‘ಭಾರತ್ ಎನ್‌ಕ್ಯಾಪ್’ 2023ರಲ್ಲಿ ಆರಂಭವಾಯಿತು. ಕಾರು ಕೊಳ್ಳುವಾಗ ಬಣ್ಣ, ಸೀಟಿನ ಕವರು ನೋಡುವ ನಾವು ಈ ಇಎಸ್‌ಸಿ ಇದೆಯೇ ಎಂದೂ ಕೇಳಬೇಕು. ಕೇಳಿದರೆ ಮಾರುವವನು ಗಂಡನ ಮುಖ ನೋಡಿ ಉತ್ತರ ಕೊಡುತ್ತಾನೆ, ಅದು ಬೇರೆ ವಿಷಯ.

ಹಾಗಾದರೆ ಆಫ್ ಮಾಡುವ ಬಟನ್ ಯಾಕೆ ಇಟ್ಟಿದ್ದಾರೆ? ಇದು ತಂಗಿ ಕೇಳಿದ ಪ್ರಶ್ನೆ, ನ್ಯಾಯವಾದ ಪ್ರಶ್ನೆ. ಕಾರು ಕೆಸರಿನಲ್ಲೋ ಮರಳಿನಲ್ಲೋ ಹೂತುಹೋದಾಗ ಹೊರಬರಲು ಚಕ್ರ ಸ್ವಲ್ಪ ಸುತ್ತಲೇಬೇಕು. ಕಂಪ್ಯೂಟರ್ ಅದನ್ನು ಜಾರುವಿಕೆ ಎಂದು ತಿಳಿದು ಎಂಜಿನ್ನನ್ನು ಅಮುಕಿಬಿಡುತ್ತದೆ. ನೀವು ಎಷ್ಟು ಒತ್ತಿದರೂ ಕಾರು ಅಲ್ಲೇ. ಆಗ ಬಟನ್ ಒತ್ತಿ, ಮೆಲ್ಲಗೆ ಹೊರಬಂದು, ಗಟ್ಟಿ ನೆಲ ಸಿಕ್ಕ ಕೂಡಲೇ ಮತ್ತೆ ಒತ್ತಿ ಆನ್ ಮಾಡಬೇಕು. ಗಲ್ಫಿನಲ್ಲಿರುವ ಸಹೋದರಿಯರಿಗೆ ಇದು ಗೊತ್ತಿರಬಹುದು. ಮರಳುಗಾಡಿಗೆ ಗಾಡಿ ಇಳಿಸುವಾಗ ಅಲ್ಲಿಯವರು ಇದನ್ನು ಆಫ್ ಮಾಡುತ್ತಾರೆ. ಘಾಟಿಯಲ್ಲಿ, ಮಳೆಯಲ್ಲಿ, ಹೆದ್ದಾರಿಯಲ್ಲಿ ಅದನ್ನು ಮುಟ್ಟುವ ಪ್ರಮೇಯವೇ ಇಲ್ಲ. ಗೊತ್ತಿಲ್ಲದೆ ಕೈ ತಾಗಿ ಆಫ್ ಆಗಿದ್ದರೆ ಮತ್ತೊಮ್ಮೆ ಒತ್ತಿ. ಹೆಚ್ಚಿನ ಕಾರುಗಳಲ್ಲಿ ಎಂಜಿನ್ ನಿಲ್ಲಿಸಿ ಪುನಃ ಸ್ಟಾರ್ಟ್ ಮಾಡಿದರೆ ತಾನಾಗಿಯೇ ಆನ್ ಆಗುತ್ತದೆ. ತಂಗಿಗೂ ಅಂದು ಫೋನಿನಲ್ಲಿ ಅದನ್ನೇ ಹೇಳಿದೆ. ದೀಪ ಆರಿತು. ಮಕ್ಕಳಿಗೆ ನೀರು ದೋಸೆ ತಿನ್ನಿಸಿ, ಮಳೆ ಕಡಿಮೆಯಾದ ಮೇಲೆ ಹೊರಟಳು.

ಇನ್ನು, ಯಾರೂ ಬಟನ್ ಮುಟ್ಟದೆ ದೀಪ ಸ್ಥಿರವಾಗಿ ಉರಿದರೆ ವ್ಯವಸ್ಥೆಯಲ್ಲಿ ಏನೋ ದೋಷವಿದೆ, ಅದು ಕೆಲಸ ನಿಲ್ಲಿಸಿದೆ ಎಂದರ್ಥ. ಹೆದರಬೇಡಿ. ನಮ್ಮ ತಂದೆಯವರ ಕಾಲದ ಅಂಬಾಸಡರಿಗೂ ಮಾರುತಿ 800ಕ್ಕೂ ಇದ್ಯಾವುದೂ ಇರಲಿಲ್ಲ. ಕಾರು ಓಡುತ್ತದೆ, ಆದರೆ ಆ ಹಳೆಯ ಕಾರಿನಂತೆಯೇ ಜಾಗ್ರತೆಯಿಂದ ಓಡಿಸಬೇಕು. ಜೊತೆಗೆ ಎಬಿಎಸ್ ಎಂಬ ಹಳದಿ ದೀಪವೂ ಹತ್ತಿದ್ದರೆ, ಜೋರಾಗಿ ಬ್ರೇಕ್ ಹಾಕಿದಾಗ ಚಕ್ರ ಕಚ್ಚಿಕೊಂಡು ಜಾರಬಹುದು. ಮುಂದಿನ ವಾಹನದಿಂದ ಹೆಚ್ಚು ದೂರವಿಟ್ಟು ನಿಧಾನವಾಗಿ ಗ್ಯಾರೇಜಿಗೆ ಹೋಗಿ. ಕೆಂಪು ದೀಪದ ಮಾತೇ ಬೇರೆ. ವೃತ್ತದೊಳಗೆ ಆಶ್ಚರ್ಯಸೂಚಕ ಚಿಹ್ನೆಯಿರುವ ಬ್ರೇಕಿನ ಕೆಂಪು ದೀಪ, ಹ್ಯಾಂಡ್‌ಬ್ರೇಕ್ ಪೂರ್ತಿ ಇಳಿಸಿದ ಮೇಲೂ ಆರದಿದ್ದರೆ ಕಾರನ್ನು ಮುಂದೆ ಓಡಿಸಲೇಬೇಡಿ. ಬದಿಗೆ ನಿಲ್ಲಿಸಿ ಮೆಕ್ಯಾನಿಕನನ್ನು ಕರೆಸಿ. ಮದುವೆಗೆ ತಡವಾಗುತ್ತದೆ ಎಂದು ಯಾರು ಅವಸರ ಮಾಡಿದರೂ ಸರಿ.

ಗ್ಯಾರೇಜಿನ ಅನುಭವ ನನ್ನದೇ ಒಂದಿದೆ. ನಮ್ಮ ಕಾರಿನಲ್ಲಿ ಈ ದೀಪ ಹತ್ತಿ ಆರದಿದ್ದಾಗ ಒಬ್ಬರು ಬಾನೆಟ್ ಕೂಡ ಸರಿಯಾಗಿ ತೆರೆಯದೆ, ಪೂರ್ತಿ ಯುನಿಟ್ ಹೋಗಿದೆ, ಬದಲಿಸಬೇಕು ಎಂದು ನನ್ನ ನಾಲ್ಕು ತಿಂಗಳ ಸಂಬಳದಷ್ಟು ಲೆಕ್ಕ ಹೇಳಿದರು. ಇನ್ನೊಬ್ಬ ಹುಡುಗ ಸ್ಕ್ಯಾನರ್ ಹಾಕಿ ನೋಡಿ, ಹಿಂದಿನ ಎಡಚಕ್ರದ ಸೆನ್ಸರ್ ಎಂದ. ಇಲಿ ವೈರು ಕಡಿದಿತ್ತು. ಸಂಜೆಯೊಳಗೆ ಸರಿಯಾಯಿತು. ಸೆನ್ಸರಿಗೆ ಕೆಸರು ಮೆತ್ತಿರುವುದು, ವೈರು ತುಂಡಾಗುವುದು, ಬ್ಯಾಟರಿ ಸೋತಿರುವುದು, ಒಂದು ಚಕ್ರಕ್ಕೆ ಮಾತ್ರ ಬೇರೆ ಅಳತೆಯ ಟಯರ್ ಹಾಕಿರುವುದು ಇವೆಲ್ಲ ಈ ದೀಪ ಹತ್ತಲು ಕಾರಣವಾಗಬಹುದು. ಕೆಲವು ಕಾರುಗಳಲ್ಲಿ ಎಂಜಿನ್ನಿನ ದೋಷಕ್ಕೂ ಇದು ಜೊತೆಯಲ್ಲಿ ಉರಿಯುತ್ತದೆ. ಆದ್ದರಿಂದ ಮೊದಲು ಸ್ಕ್ಯಾನರ್ ಹಾಕಿಸಿ, ಯಾವ ಕೋಡ್ ಬಂತೆಂದು ಚೀಟಿಯಲ್ಲಿ ಬರೆಸಿಕೊಳ್ಳಿ. ಚೀಟಿ ಕೇಳುವ ಗಿರಾಕಿಯ ಮುಂದೆ ಮಾತು ಬೇರೆಯೇ ಆಗುತ್ತದೆ.

ಒಂದು ಮಾತು ಮರೆಯಬಾರದು. ಈ ವ್ಯವಸ್ಥೆ ಇರುವ ಹಿಡಿತವನ್ನು ಕಾಯುತ್ತದೆ, ಇಲ್ಲದ ಹಿಡಿತವನ್ನು ತಂದುಕೊಡುವುದಿಲ್ಲ. ತಂಗಿಯ ಕಾರಿನ ಮುಂದಿನ ಟಯರುಗಳನ್ನು ಮರುವಾರ ನೋಡಿದಾಗ ನನಗೆ ಎದೆ ಝಲ್ಲೆಂದಿತು. ಸವೆದು ನುಣ್ಣಗಾಗಿದ್ದವು. ಟಯರಿನ ಗೀರುಗಳ ನಡುವೆ ಅಲ್ಲಲ್ಲಿ ಸಣ್ಣ ಉಬ್ಬು ಪಟ್ಟಿಗಳಿರುತ್ತವೆ. ಅವುಗಳ ಎತ್ತರ 1.6 ಮಿಲಿಮೀಟರ್. ಟಯರ್ ಅವುಗಳ ಮಟ್ಟಕ್ಕೆ ಸವೆದರೆ ಅದರ ಆಯುಷ್ಯ ಮುಗಿಯಿತು. ಮಳೆ ಶುರುವಾಗುವ ಮೊದಲು ನೀವೇ ಬಗ್ಗಿ ನೋಡಿ, ಬೆರಳಿಗೆ ಸಿಗುತ್ತವೆ.

ಹಳೆಯ ಕಾರು ಕೊಳ್ಳುವವರಿಗೆ ಇನ್ನೊಂದು ಮಾತು. ಕೀಲಿ ತಿರುಗಿಸಿದ ಕೂಡಲೇ, ಸ್ಟಾರ್ಟ್ ಮಾಡುವ ಮುಂಚೆ, ಈ ದೀಪವೂ ಎಬಿಎಸ್, ಎಂಜಿನ್, ಏರ್‌ಬ್ಯಾಗ್ ದೀಪಗಳೂ ಒಮ್ಮೆ ಹತ್ತಬೇಕು; ಸ್ಟಾರ್ಟ್ ಆದ ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಅದು ಕಾರು ತನ್ನನ್ನು ತಾನೇ ಪರೀಕ್ಷಿಸಿಕೊಳ್ಳುವ ರೀತಿ. ಇರಬೇಕಾದ ದೀಪ ಹತ್ತಲೇ ಇಲ್ಲವೆಂದರೆ, ದೋಷ ಕಾಣದಿರಲೆಂದು ಯಾರೋ ಬಲ್ಬನ್ನೇ ತೆಗೆದಿರಬಹುದು. ತಂಗಿಯ ಕಾರಿನಲ್ಲಿ ನಾನೇ ಕೀಲಿ ತಿರುಗಿಸಿ ಎಣಿಸಿದೆ. ಏರ್‌ಬ್ಯಾಗಿನ ದೀಪ ಹತ್ತಲಿಲ್ಲ. ಕಾರು ಮಾರಿದವರಿಗೆ ಅವಳು ಆಗಲೇ ಫೋನ್ ಹಚ್ಚಿದ್ದಳು.