ಸೊಂಟದಲ್ಲೊಂದು ಪುಟ್ಟ ಚಾಕು: ಬೇಕೇ, ಬೇಡವೇ?

ಮಡಚಲಾಗದ, ಒರೆಯಲ್ಲಿಡುವ, ಅಲಗು ಮೂರು-ನಾಲ್ಕು ಇಂಚು ಮೀರದ ಚಾಕು. ಆನ್‌ಲೈನ್ ಅಂಗಡಿಗಳಲ್ಲಿ ಇದು ಕ್ಯಾಂಪಿಂಗ್ ಸಾಮಾನಿನ ಪಟ್ಟಿಯಲ್ಲಿರುತ್ತದೆ. ಕೊಳ್ಳುವವರೆಲ್ಲ ಕಾಡಿಗೆ ಹೊರಟವರೇ ಎಂದು ಯಾರೂ ನಂಬುವುದಿಲ್ಲ. ರಾತ್ರಿ ಪಾಳಿ ಮುಗಿಸಿ ಒಂಟಿಯಾಗಿ ಮನೆಗೆ ಹೋಗುವವರು ಆತ್ಮರಕ್ಷಣೆಗೆಂದು ಇಂಥ ಚಾಕುವನ್ನು ಜೊತೆಗಿಟ್ಟುಕೊಳ್ಳಬಹುದೇ? ಎರಡು ವಾದಗಳು ಇಲ್ಲಿವೆ.

ಪರ: ಹಕ್ಕು ಕೊಟ್ಟು ಕೈ ಕಟ್ಟಬೇಡಿ

ಚಾಕು ಸಿಕ್ಕರೆ ಪೊಲೀಸರು ಎಳೆದೊಯ್ಯುತ್ತಾರೆ ಎಂಬ ನಂಬಿಕೆ ನಮ್ಮಲ್ಲಿ ಗಟ್ಟಿಯಾಗಿ ಬೇರುಬಿಟ್ಟಿದೆ. ಕಾನೂನು ಅಷ್ಟು ಬಿಗಿಯಾಗಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಬಂದ 2016ರ ನಿಯಮಗಳನ್ನು ತೆರೆದು ನೋಡಿ. ಹರಿತವಾದ ಆಯುಧಗಳ ಪಟ್ಟಿಯಲ್ಲಿರುವುದು ಅಲಗು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲ ಇರುವ ಚಾಕುಗಳು. ಅಡುಗೆಗೆ, ಬೇಸಾಯಕ್ಕೆ, ಕೈಗಾರಿಕೆಗೆಂದು ಮಾಡಿದವಕ್ಕೆ ಅಲ್ಲಿಯೂ ವಿನಾಯಿತಿ ಇದೆ. ನಾವು ಮಾತಾಡುತ್ತಿರುವ ಚಾಕು ಈ ಅಳತೆಯ ಅರ್ಧಕ್ಕೂ ಬರುವುದಿಲ್ಲ. 2017ರಲ್ಲಿ ದೆಹಲಿ ಮೆಟ್ರೊದ ಭದ್ರತೆ ನೋಡಿಕೊಳ್ಳುವ ಕೇಂದ್ರ ಪಡೆಯೇ ಸಣ್ಣ ಚಾಕುಗಳನ್ನು ಒಯ್ಯಲು ಬಿಟ್ಟಿತು. ಹೆಂಗಸರ ಸುರಕ್ಷತೆಯೂ ಆಗ ಹೇಳಿದ ಕಾರಣಗಳಲ್ಲಿ ಒಂದು.

ಇನ್ನು ಹಕ್ಕಿನ ಮಾತು. ಭಾರತೀಯ ನ್ಯಾಯ ಸಂಹಿತೆಯ 34ರಿಂದ 44ರವರೆಗಿನ ಕಲಮುಗಳು ಸ್ವರಕ್ಷಣೆಗೇ ಮೀಸಲು. ಸಾವು, ತೀವ್ರ ಗಾಯ, ಅತ್ಯಾಚಾರ, ಅಪಹರಣ, ಆ್ಯಸಿಡ್ ದಾಳಿ ಇವುಗಳ ಭಯ ನ್ಯಾಯವಾದದ್ದಾಗಿದ್ದರೆ, ತಡೆಯುವಾಗ ದಾಳಿಕೋರನ ಪ್ರಾಣ ಹೋದರೂ ಅಪರಾಧವಲ್ಲ ಎನ್ನುತ್ತದೆ 38ನೇ ಕಲಂ. ಏಟು ಬೀಳುವವರೆಗೆ ಕಾಯಬೇಕಿಲ್ಲ, ಬೀಳುತ್ತದೆಂಬ ಸಕಾರಣ ಭಯವೇ ಸಾಕು ಎಂದು 2010ರಲ್ಲಿ ದರ್ಶನ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಹೇಳಿತು. ಹಕ್ಕು ಇಷ್ಟು ದೊಡ್ಡದು. ಐವತ್ತು ಕೆಜಿ ತೂಕದ ಹುಡುಗಿ ಎಂಬತ್ತು ಕೆಜಿಯ ಗಂಡಸಿನೆದುರು ಇದನ್ನು ಯಾವುದರಿಂದ ಚಲಾಯಿಸಬೇಕು? 112ಕ್ಕೆ ಕರೆ ಮಾಡಲಿ, ಬೇಡವೆನ್ನುವುದಿಲ್ಲ. ಆದರೆ ಕುತ್ತಿಗೆಗೆ ಕೈ ಹಾಕಿದವನು ಪೊಲೀಸರ ಹೊಯ್ಸಳ ಜೀಪು ಬರಲಿ ಎಂದು ನಿಂತಿರುತ್ತಾನೆಯೇ?

ಬಂದೂಕು ನಮ್ಮಂಥವರಿಗೆ ಎಟುಕುವ ಮಾತಲ್ಲ. 2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆಯಿಂದ ‘ನಿರ್ಭೀಕ್’ ಎಂಬ ಹಗುರ ರಿವಾಲ್ವರ್ ಬಂತು, ಹೆಂಗಸರಿಗಾಗಿಯೇ ಎಂಬ ಪ್ರಚಾರದೊಂದಿಗೆ. ಬೆಲೆ ಒಂದು ಲಕ್ಷ ರೂಪಾಯಿ ದಾಟಿತ್ತು. ಲೈಸೆನ್ಸಿಗಾಗಿ ಅಲೆದಾಟ ಬೇರೆ. ಗಾರ್ಮೆಂಟ್ಸ್ ಕಾರ್ಖಾನೆಯ ಹೆಣ್ಣುಮಕ್ಕಳಿಗೆ ಇದನ್ನು ಯಾರಾದರೂ ಸೂಚಿಸಿಯಾರೇ?

ಚಾಕು ಎಂದರೆ ಸಿಕ್ಕಿದ್ದೆಲ್ಲ ಆಗುವುದಿಲ್ಲ ಎಂಬುದನ್ನೂ ಹೇಳಬೇಕು. ಮಡಚುವ ಚಾಕು ಜೇಬಿಗೆ ಚೆಂದ. ಗಾಬರಿಯಲ್ಲಿ ಬೆವರಿದ ಬೆರಳಿಗೆ ಅದು ಬಿಚ್ಚಿಕೊಳ್ಳುವುದಿಲ್ಲ, ಹಲವಕ್ಕೆ ಎರಡೂ ಕೈ ಬೇಕು. ಲಾಕ್ ಸಡಿಲವಾಗಿದ್ದರೆ ಅಲಗು ಹಿಡಿದವರ ಬೆರಳ ಮೇಲೆಯೇ ಮಡಚಿಕೊಳ್ಳುತ್ತದೆ. ಒರೆಯ ಚಾಕುವಿಗೆ ಕೀಲೇ ಇಲ್ಲ, ಹಾಗಾಗಿ ಕೀಲು ಕೈಕೊಡುವ ಪ್ರಶ್ನೆಯೂ ಇಲ್ಲ. ಅಲಗಿನ ಉದ್ದಕ್ಕಿಂತ ಹಿಡಿ ಮುಖ್ಯ: ನಾಲ್ಕು ಬೆರಳೂ ಪೂರ್ತಿ ಕೂರಬೇಕು, ಕೈ ಅಲಗಿನತ್ತ ಜಾರದಂತೆ ಮುಂದೆ ಒಂದು ತಡೆ ಇರಬೇಕು. ಬುಡ ಮೇಲು ಮಾಡಿ ಕೊಡವಿದರೂ ಬೀಳದಷ್ಟು ಒರೆ ಬಿಗಿಯಿರಬೇಕು, ಎಳೆದರೆ ಒಂದೇ ಸಲಕ್ಕೆ ಬರಬೇಕು. ವ್ಯಾನಿಟಿ ಬ್ಯಾಗಿನ ತಳದಲ್ಲಿ, ಬಾಚಣಿಗೆ, ಚಾರ್ಜರುಗಳ ಕೆಳಗೆ ಬಿದ್ದಿರುವ ಚಾಕು ಇದ್ದೂ ಇಲ್ಲದಂತೆ. ಮೊಂಡು ಚಾಕುವಿನಿಂದ ಅಭ್ಯಾಸ ಮಾಡದವರು ಇದನ್ನು ಕೊಳ್ಳುವುದೇ ಬೇಡ. ಇಷ್ಟು ಶಿಸ್ತು ಇಲ್ಲದವರ ಪರವಾಗಿ ನಾನು ವಾದಿಸುತ್ತಿಲ್ಲ.

ಆಯುಧ ಕಂಡರೆ ಸಮಾಜ ಕೆಡುತ್ತದೆ ಎನ್ನುವವರು ಮಡಿಕೇರಿಗೆ ಹೋಗಿಬರಲಿ. ಮದುವೆ ಗಂಡು ಕುಪ್ಯ ಎಂಬ ಉದ್ದ ಕೋಟಿನ ಮೇಲೆ ಚೇಲೆ ಎಂಬ ನಡುಪಟ್ಟಿ ಬಿಗಿದು ಪೀಚೆಕತ್ತಿ ಸಿಕ್ಕಿಸಿಕೊಂಡರೆ ಅಲ್ಲಿ ಯಾರೂ ಬೆಚ್ಚುವುದಿಲ್ಲ. ಕೊಡವರಿಗೆ ಮತ್ತು ಜಮ್ಮಾ ಭೂಮಿಯ ಹಿಡುವಳಿದಾರರಿಗೆ ಇರುವ ಬಂದೂಕಿನ ಲೈಸೆನ್ಸ್ ವಿನಾಯಿತಿಯನ್ನು 2021ರಲ್ಲಿ ನಮ್ಮ ಹೈಕೋರ್ಟು ಎತ್ತಿಹಿಡಿಯಿತು. ಸಿಖ್ಖರ ಕಿರ್ಪಾಣಕ್ಕೆ ಸಂವಿಧಾನದ 25ನೇ ವಿಧಿಯ ವಿವರಣೆಯಲ್ಲೇ ಜಾಗವಿದೆ. ಮಲೆನಾಡಿನ ತೋಟಗಳಲ್ಲಿ ಸೊಂಟದ ಹಿಂದೆ ಕೊಕ್ಕೆಗೆ ಕತ್ತಿ ಸಿಕ್ಕಿಸಿಕೊಂಡೇ ಜನ ಪೇಟೆಗೂ ಬರುತ್ತಾರೆ. ಅಲ್ಲೆಲ್ಲ ಇಲ್ಲದ ಭಯ ಒಬ್ಬ ನರ್ಸಿನ ಸೊಂಟದ ಮೂರಿಂಚಿನ ಅಲಗಿಗೆ ಮಾತ್ರ ಯಾಕೆ?

ವಿರೋಧ: ಆ ಒಂದೂವರೆ ಸೆಕೆಂಡು, ಆಮೇಲಿನ ವರ್ಷಗಳು

ಕಾನೂನಿನ ಓದು ಹೆಚ್ಚುಕಡಿಮೆ ಸರಿ. ಆದರೆ ಆ ಪಟ್ಟಿಯಲ್ಲಿ ಚಾಕುವಿಗಿಂತ ಮೊದಲೇ ಕಠಾರಿ ಎಂಬ ಹೆಸರೂ ಇದೆ. ಎರಡೂ ಬದಿ ಹರಿತವಿದ್ದು ತುದಿ ಚೂಪಾಗಿರುವ ನಿಮ್ಮ ಪುಟ್ಟ ಚಾಕುವನ್ನು ಠಾಣೆಯಲ್ಲಿ ಪಂಚನಾಮೆ ಬರೆಯುವವರು ಏನೆಂದು ಕರೆಯುತ್ತಾರೆ ಎನ್ನುವುದು ನಿಮ್ಮ ಕೈಯಲ್ಲಿಲ್ಲ. ಚುನಾವಣೆ, ಮೆರವಣಿಗೆ, ಗಲಭೆಯ ದಿನಗಳಲ್ಲಿ ಆಯುಧ ಹಿಡಿದು ಓಡಾಡುವುದನ್ನೇ ನಿಷೇಧಿಸುವ ಅಧಿಕಾರ ಪೊಲೀಸರಿಗೂ ಜಿಲ್ಲಾಡಳಿತಕ್ಕೂ ಇದೆ. ಆಗ ಯಾರೂ ಇಂಚುಪಟ್ಟಿ ತರುವುದಿಲ್ಲ. ದೆಹಲಿಯಲ್ಲಂತೂ ಬಟನ್ ಚಾಕುಗಳಿಗೆ 1980ರಿಂದಲೇ ಪ್ರತ್ಯೇಕ ಅಧಿಸೂಚನೆ ಇದೆ, ಅಲ್ಲಿನ ಮಿತಿ 7.62 ಸೆಂಟಿಮೀಟರ್.

ಇದಕ್ಕಿಂತ ದೊಡ್ಡ ತಕರಾರು ಸಮಯದ್ದು. ಅಮೆರಿಕದ ಸಾಲ್ಟ್ ಲೇಕ್ ಸಿಟಿಯ ಪೊಲೀಸ್ ತರಬೇತುದಾರ ಡೆನಿಸ್ ಟ್ಯುಲರ್ 1983ರಲ್ಲಿ ಒಂದು ಲೇಖನ ಬರೆದರು. ಚಾಕು ಹಿಡಿದವನು 21 ಅಡಿ ದೂರವನ್ನು ಸುಮಾರು ಒಂದೂವರೆ ಸೆಕೆಂಡಿನಲ್ಲಿ ದಾಟುತ್ತಾನೆ, ಪಳಗಿದ ಪೊಲೀಸನಿಗೆ ಸೊಂಟದ ಪಿಸ್ತೂಲು ತೆಗೆದು ಗುಂಡು ಹಾರಿಸಲು ಬೇಕಾಗುವುದೂ ಅಷ್ಟೇ ಹೊತ್ತು ಎಂಬುದು ಅದರ ತಿರುಳು. ನಮ್ಮ ಬಸ್‌ಸ್ಟಾಪಿನಲ್ಲಿ, ಲಿಫ್ಟಿನಲ್ಲಿ, ಪಾರ್ಕಿಂಗ್ ನೆಲಮಾಳಿಗೆಯಲ್ಲಿ ಆಕ್ರಮಣ ಮಾಡುವವನು 21 ಅಡಿ ದೂರದಿಂದ ಕೂಗಿ ಹೇಳಿ ಬರುವುದಿಲ್ಲ. ಅವನು ಪಕ್ಕದಲ್ಲೇ ನಿಂತಿರುತ್ತಾನೆ, ಮೊದಲು ಹಿಡಿಯುವುದೂ ಕೈಯನ್ನೇ. ಸೀರೆಯ ಸೆರಗು, ಚೂಡಿದಾರದ ಟಾಪು, ಚಳಿಗಾಲದ ಸ್ವೆಟರು ಇವೆಲ್ಲವನ್ನೂ ಸರಿಸಿ ಒರೆಯಿಂದ ಚಾಕು ತೆಗೆಯಲು ಆಗ ಇರುವುದು ಇನ್ನೊಂದೇ ಕೈ. ಜಗ್ಗಾಟದಲ್ಲಿ ಅದು ಯಾರ ಕೈಗೆ ಹೋಗುತ್ತದೆ? ನೀವು ಹೇಳಿದ ಐವತ್ತು ಕೆಜಿ, ಎಂಬತ್ತು ಕೆಜಿಯ ಲೆಕ್ಕವನ್ನು ಇಲ್ಲೂ ಹಾಕಿ ನೋಡಿ. ಚಾಕು ಇಲ್ಲದಿದ್ದರೆ ಪರ್ಸು ಕಿತ್ತುಕೊಂಡು ಓಡುತ್ತಿದ್ದವನ ಕೈಗೆ ಈಗ ಹರಿತವಾದ ಅಲಗು ಬಂದಿರುತ್ತದೆ.

ಚಾಕು ತಗುಲಿದವನು ಸಿನಿಮಾದಲ್ಲಿ ಬೀಳುವಂತೆ ಅಲ್ಲೇ ಬೀಳುವುದಿಲ್ಲ. ಇರಿತ ಎಷ್ಟೋ ಸಲ ಆ ಕ್ಷಣಕ್ಕೆ ಗೊತ್ತೇ ಆಗುವುದಿಲ್ಲ; ಗೊತ್ತಾದಮೇಲೆ ರಕ್ತ ಸುರಿದು ಸಾಯುವವನು ಸಾಯುವ ಮುಂಚಿನ ಕೆಲವು ನಿಮಿಷಗಳಲ್ಲಿ ಎದುರಿಗಿದ್ದವರನ್ನೂ ಮುಗಿಸಬಲ್ಲ. ಎದುರಾಳಿಯನ್ನು ನಿಲ್ಲಿಸುವುದರಲ್ಲಿ ಇಷ್ಟು ನಂಬಲಾಗದ ಸಾಧನ ಕೊಲ್ಲುವುದರಲ್ಲಿ ಮಾತ್ರ ಚುರುಕು. ಸ್ವರಕ್ಷಣೆಗೆ ಬೇಕಾದದ್ದು ಇದರ ತಿರುವುಮುರುವು.

ಈಗ ಕೋರ್ಟಿಗೆ ಬರೋಣ. 38ನೇ ಕಲಮನ್ನು ಓದಿದವರು ಅದರ ಹಿಂದಿನದನ್ನೂ ಓದಬೇಕು. ಕಾಪಾಡಿಕೊಳ್ಳಲು ಅಗತ್ಯವಿದ್ದದ್ದಕ್ಕಿಂತ ಹೆಚ್ಚಿನ ಹಾನಿ ಮಾಡುವ ಹಕ್ಕಿಲ್ಲ, ಪೊಲೀಸರ ನೆರವು ಪಡೆಯಲು ಸಮಯವಿದ್ದರೆ ಹಕ್ಕೇ ಇಲ್ಲ ಎನ್ನುತ್ತದೆ 37ನೇ ಕಲಂ. ಸ್ವರಕ್ಷಣೆಗಾಗಿಯೇ ಇರಿದೆ ಎಂದು ತೋರಿಸಿಕೊಡುವ ಹೊರೆ ಆರೋಪಿಯದು. ಪ್ರಕರಣ ದಾಖಲಾಗುವುದು ಮೊದಲು, ನಿಮ್ಮ ಹಕ್ಕಿನ ವಿಚಾರಣೆ ಆಮೇಲೆ; ನಡುವೆ ಬಂಧನ, ಜಾಮೀನು, ವರ್ಷಗಟ್ಟಲೆ ದಿನಾಂಕಗಳು. ಪಾಟೀಸವಾಲಿನಲ್ಲಿ ಸರ್ಕಾರಿ ವಕೀಲರು ಕೇಳುವ ಪ್ರಶ್ನೆ ಈಗಲೇ ಬರೆದಿಟ್ಟುಕೊಳ್ಳಬಹುದು: ಆ ರಾತ್ರಿ ಒರೆಯಲ್ಲಿ ಚಾಕು ಇಟ್ಟುಕೊಂಡು ಹೊರಟಿದ್ದು ಯಾಕೆ? ಮೊಂಡು ಚಾಕುವಿನಿಂದ ಅಭ್ಯಾಸ ಮಾಡುತ್ತಿದ್ದದ್ದು ಯಾಕೆ? ಪರವಾದಿಗಳು ಶಿಸ್ತು ಎಂದು ಹೊಗಳಿದ್ದೇ ಅಲ್ಲಿ ಪೂರ್ವಸಿದ್ಧತೆ ಆಗಿಬಿಡುತ್ತದೆ. ಅಡುಗೆಮನೆಯಲ್ಲಿ ಕೈಗೆ ಸಿಕ್ಕ ಈಳಿಗೆಮಣೆಯನ್ನು ಬೀಸಿದವಳಿಗೆ ಈ ಪ್ರಶ್ನೆ ಬರುವುದಿಲ್ಲ. ಒನಕೆ ಓಬವ್ವನ ಹೆಸರು ಇಂಥ ಚರ್ಚೆಗಳಲ್ಲಿ ಬಂದೇ ಬರುತ್ತದೆ, ಇಲ್ಲಿ ಇನ್ನೂ ಯಾಕೆ ಬರಲಿಲ್ಲವೋ! ಅವಳ ಕೈಲಿದ್ದದ್ದೂ ಭತ್ತ ಕುಟ್ಟುವ ಒನಕೆ.

ಬ್ರಿಟನ್ನಿನಲ್ಲಿ 1988ರ ಕಾನೂನು ಇನ್ನೂ ಕಟು. ಮೂರಿಂಚಿನೊಳಗಿನ, ಮಡಚುವ ಜೇಬುಚಾಕು ಒಂದಕ್ಕೆ ಮಾತ್ರ ಬಿಡುಗಡೆ. ಮಡಚದ ಅಲಗು ಎಷ್ಟೇ ಪುಟ್ಟದಿದ್ದರೂ ಸಾರ್ವಜನಿಕ ಜಾಗದಲ್ಲಿ ಇಟ್ಟುಕೊಳ್ಳಲು ಸರಿಯಾದ ಕಾರಣ ಬೇಕು, ‘ಹೆದರಿಕೆಯಾಗುತ್ತದೆ, ಅದಕ್ಕೆ’ ಎಂಬುದನ್ನು ಕಾರಣವೆಂದು ಒಪ್ಪುವುದಿಲ್ಲ. ಓದಲು ಹೋದ ನಮ್ಮ ಹುಡುಗರು ಇಲ್ಲಿಯ 9 ಇಂಚಿನ ಲೆಕ್ಕವನ್ನು ಅಲ್ಲಿ ಹೇಳಿ ಪಾರಾಗಲಾರರು.

ಪೀಚೆಕತ್ತಿಯನ್ನು ಈ ವಾದಕ್ಕೆ ಎಳೆದದ್ದು ನನಗೆ ಸರಿ ಕಾಣಲಿಲ್ಲ. ಅದು ಬೆಳ್ಳಿಯ ಒರೆಯಲ್ಲಿ, ಹೊಟ್ಟೆಯ ಮುಂದೆ, ನೂರು ಜನರ ಕಣ್ಣೆದುರು ಇರುತ್ತದೆ. ಕೊಡಗಿನ ವಿನಾಯಿತಿಯ ಹಿಂದೆ ಜಮ್ಮಾ ಭೂಮಿಯ ಇತಿಹಾಸವಿದೆ, ಅದರ ಅವಧಿಯೂ 2029ಕ್ಕೆ ಮುಗಿಯುತ್ತದೆ. ತೋಟದವರ ಕತ್ತಿಯನ್ನೂ ದೂರದಿಂದಲೇ ಕಾಣಬಹುದು, ಅದರ ಕೆಲಸ ಏನೆಂದು ಊರಿಗೇ ಗೊತ್ತು. ಬಟ್ಟೆಯೊಳಗೆ ಅಡಗಿಸಿದ, ಮನುಷ್ಯನ ಮೇಲೆ ಪ್ರಯೋಗಿಸಲೆಂದೇ ಕೊಂಡ ಚಾಕುವಿಗೂ ಇವಕ್ಕೂ ಲೋಹ ಒಂದೇ ಎಂಬುದನ್ನು ಬಿಟ್ಟರೆ ನಂಟಿಲ್ಲ.

2013ರ ಜನವರಿಯಲ್ಲಿ ಮುಂಬೈಯಲ್ಲಿ ಶಿವಸೇನೆ ಹೆಂಗಸರಿಗೆ ಸಣ್ಣ ಚಾಕುಗಳನ್ನು ಹಂಚಿತು. ಫೋಟೊಗಳು ಬಂದವು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೊ ವರ್ಷ ವರ್ಷ ಹೇಳುತ್ತಿರುವ ಸಂಗತಿಯೊಂದು ಆ ಫೋಟೊಗಳಲ್ಲಿ ಇರಲಿಲ್ಲ: ಅತ್ಯಾಚಾರ ಪ್ರಕರಣಗಳಲ್ಲಿ ನೂರಕ್ಕೆ ತೊಂಬತ್ತಕ್ಕಿಂತ ಹೆಚ್ಚು ಕಡೆ ಆರೋಪಿ ಪರಿಚಿತನೇ. ನೆಂಟ, ನೆರೆಯವ, ಗೆಳೆಯ, ಮಾಲೀಕ. ಮಾವನ ಮನೆಗೆ ಹೋಗುವಾಗ ಯಾರೂ ಸೊಂಟಕ್ಕೆ ಒರೆ ಕಟ್ಟುವುದಿಲ್ಲ. ಇನ್ನು, ಹೆಂಗಸರಿಗೆಂದು ಒಪ್ಪಿಗೆ ಕೊಟ್ಟ ಚಾಕುವನ್ನು ಮೊದಲು ಕೊಳ್ಳುವವರು ಕಾಲೇಜು ಗೇಟಿನಲ್ಲಿ ಗುಂಪು ಕಟ್ಟುವ ಹುಡುಗರು. ನಾಲ್ಕು ಗುದ್ದಿನಲ್ಲಿ ಮುಗಿಯುವ ಜಗಳ ಆಗ ಶವಾಗಾರದವರೆಗೆ ಹೋಗುತ್ತದೆ.

ಏನೂ ಬೇಡವೇ ಹಾಗಾದರೆ? ಪೆಪ್ಪರ್ ಸ್ಪ್ರೇಗೆ ಲೈಸೆನ್ಸ್ ಬೇಡ, ಕೆಲವು ಅಡಿ ದೂರದಿಂದಲೇ ಕೆಲಸ ಮಾಡುತ್ತದೆ, ಕಿತ್ತುಕೊಂಡವನು ತಿರುಗಿಸಿ ಹೊಡೆದರೂ ಜೀವ ಉಳಿಯುತ್ತದೆ. ಗಾಳಿ ಎದುರಿದ್ದರೆ ನಿಮ್ಮ ಕಣ್ಣೂ ಉರಿಯುತ್ತದೆ ಎಂಬುದನ್ನು ಒಪ್ಪುತ್ತೇನೆ. ರಾತ್ರಿ ಪಾಳಿಗೆ ಹೆಂಗಸರನ್ನು ಕರೆಯುವ ಸಂಸ್ಥೆಗಳು ಮನೆಯವರೆಗೆ ವಾಹನ ಕೊಡಬೇಕೆಂಬ ಷರತ್ತು ಕರ್ನಾಟಕದಲ್ಲಿ ಇದೆ. ಕ್ಯಾಬು ಮುಖ್ಯರಸ್ತೆಯಲ್ಲೇ ಇಳಿಸಿ ಹೋಗುತ್ತಿದ್ದರೆ, ಚಾಕುವಿನ ದುಡ್ಡಿಗಿಂತ ಕಡಿಮೆ ಖರ್ಚಿನಲ್ಲಿ ಕಾರ್ಮಿಕ ಇಲಾಖೆಗೆ ದೂರು ಕೊಡಬಹುದು.