ಮ್ಯಾಂಗೊನಾಡಾ ಮತ್ತು ಅಪ್ಪನಿಗೆ ಹೇಳದ ಸುದ್ದಿ

ಸ್ಯಾನ್ ಹೋಸೆಯಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನ ಹಿಂದಿನ ರಸ್ತೆಯಲ್ಲಿ ಒಂದು ಮೆಕ್ಸಿಕನ್ ಐಸ್ ಅಂಗಡಿ ಇತ್ತು. ಕೆಲಸ ಹೋದ ದಿನ ಸಂಜೆ ಮನೆಗೆ ಹೋಗಲು ಮನಸ್ಸಾಗದೆ ಅಲ್ಲಿ ಹೋಗಿ ಕೂತೆ. ಅಂಗಡಿಯಾಕೆ ನನ್ನ ಮುಖ ನೋಡಿ, ನಾನೇನೂ ಕೇಳದಿದ್ದರೂ ದೊಡ್ಡ ಲೋಟವೊಂದನ್ನು ಮುಂದಿಟ್ಟರು. ಹೆಪ್ಪುಗಟ್ಟಿದ ಮಾವಿನಹಣ್ಣು, ನಡುನಡುವೆ ಕಡುಗೆಂಪು ಸಾಸ್, ಲೋಟದ ಅಂಚಿಗೆ ಖಾರದ ಪುಡಿ, ಹುಣಸೆ ಮಿಠಾಯಿ ಮೆತ್ತಿದ ಸ್ಟ್ರಾ. ಹೆಸರು ಮ್ಯಾಂಗೊನಾಡಾ. ಒಂದು ಗುಟುಕಿಗೇ ಸ್ಕೂಲ್ ಗೇಟಿನ ಹತ್ತಿರ ತಿನ್ನುತ್ತಿದ್ದ ಉಪ್ಪುಖಾರದ ಮಾವಿನಕಾಯಿ ನೆನಪಾಗಿ ಗಂಟಲು ಕಟ್ಟಿತು.

ವೀಸಾ ಕೊಟ್ಟಿದ್ದು ಹೆಚ್ಚೆಂದರೆ 60 ದಿನ. ಇನ್ನೊಂದು ಕೆಲಸ ಸಿಗಲಿಲ್ಲ. ಏಪ್ರಿಲ್‌ನಲ್ಲಿ ತುಮಕೂರಿಗೆ ಬಂದೆ. ಅಪ್ಪನಿಗೆ 'ರಜೆ ಹಾಕಿದೀನಿ' ಅಂದೆ. ಆ ಸುಳ್ಳಿಗೆ ಮೂರು ವಾರ ಆಗಿತ್ತು. ಬಾದಾಮಿ ಹಣ್ಣಿನ ಬುಟ್ಟಿ ಮನೆಗೆ ಬಂದಾಗ, ಏನಾದರೂ ಮಾಡುತ್ತಿದ್ದರೆ ಪ್ರಶ್ನೆ ಬರೋದಿಲ್ಲ ಅಂತ ಅಡುಗೆಮನೆಗೆ ಹೋದೆ.

ಈ ಪಾನೀಯದ ಜೀವ ಆ ಕೆಂಪು ಸಾಸ್, ಚಮೊಯ್. ಪೂರ್ವ ಏಷ್ಯಾದ ಉಪ್ಪು ಹಾಕಿ ಒಣಗಿಸಿದ ಪ್ಲಮ್ ಇದರ ಮೂಲ ಎನ್ನುವವರಿದ್ದಾರೆ. 1565ರಿಂದ 1815ರವರೆಗೆ ಮನಿಲಾ ಮತ್ತು ಅಕಾಪುಲ್ಕೊ ನಡುವೆ ಸ್ಪೇನಿನ ಹಡಗುಗಳು ಓಡಾಡುತ್ತಿದ್ದವು. ಮೆಕ್ಸಿಕೊದಲ್ಲಿ ಇಂದಿಗೂ ಒಂದು ಮಾವಿನ ತಳಿಯ ಹೆಸರೇ ಮನಿಲಾ. ನಮ್ಮ ಕಡೆಯ ಮಾವು ಅಲ್ಲಿಗೆ ಹೋಯಿತು, ಅವರ ಕಡೆಯ ಮೆಣಸಿನಕಾಯಿ ಪೋರ್ಚುಗೀಸರ ಜೊತೆ ಇಲ್ಲಿಗೆ ಬಂತು. ಲೆಕ್ಕ ಸರಿಹೋಯಿತು.

ನಾನು ಮಾಡಿದ ರೀತಿ ಹೀಗೆ. ಎರಡು ಲೋಟಕ್ಕೆ ಸಾಕು.

ಮೊದಲು ಸಾಸ್. ಬೀಜ ತೆಗೆದ ಒಣ ಏಪ್ರಿಕಾಟ್ 8, ನಿಂಬೆ ಗಾತ್ರದ ಹುಣಸೆಹಣ್ಣು, 3 ಚಮಚ ಬೆಲ್ಲದ ಪುಡಿ, 2 ಚಮಚ ಬ್ಯಾಡಗಿ ಮೆಣಸಿನಪುಡಿ, ಅರ್ಧ ಚಮಚ ಉಪ್ಪು. ಒಂದೂವರೆ ಕಪ್ ನೀರಿನಲ್ಲಿ ಸಣ್ಣ ಉರಿಯಲ್ಲಿ 15 ನಿಮಿಷ ಕುದಿಸಿ. ಆರಿದ ಮೇಲೆ ಹುಣಸೆ ಬೀಜ, ನಾರು ತೆಗೆದು ರುಬ್ಬಿ, ಸೋಸಿ, ಅರ್ಧ ನಿಂಬೆಹಣ್ಣು ಹಿಂಡಿ. ಅಲ್ಲಿ ಒಣಗಿದ ಕೆಂಪು ಪುಂಡಿ ಹೂವನ್ನೂ ಹಾಕುತ್ತಾರೆ. ನನಗೆ ಸಿಗಲಿಲ್ಲ, ಬಿಟ್ಟೆ. ಉಳಿದ ಸಾಸನ್ನು ಬಾಟಲಿಗೆ ಹಾಕಿ ಫ್ರಿಜ್‌ನಲ್ಲಿಡಿ.

ಎರಡು ದೊಡ್ಡ ಮಾವಿನಹಣ್ಣನ್ನು ಹೋಳು ಮಾಡಿ, ತಟ್ಟೆಯಲ್ಲಿ ಬಿಡಿಬಿಡಿಯಾಗಿ ಹರಡಿ ರಾತ್ರಿಯಿಡೀ ಫ್ರೀಜರ್‌ನಲ್ಲಿಡಿ. ಮೊದಲ ಸಲ ನಾನು ಐಸ್ ಹಾಕಿದ್ದೆ, ನೀರು ನೀರಾಯಿತು. ಎರಡನೇ ಸಲ ಸಾಸ್ ಬಿಸಿ ಇರುವಾಗಲೇ ಸುರಿದೆ, ಎಲ್ಲಾ ಕರಗಿತು. ಆದ್ದರಿಂದ ಐಸ್ ಬೇಡ, ಸಾಸ್ ತಣ್ಣಗಿರಲಿ. ಹೋಳುಗಳಿಗೆ ಕಾಲು ಕಪ್ ತಣ್ಣೀರು, ಒಂದು ಚಮಚ ನಿಂಬೆರಸ ಹಾಕಿ ಮಿಕ್ಸಿಯನ್ನು ಬಿಟ್ಟು ಬಿಟ್ಟು ತಿರುಗಿಸಿ. ಚಮಚದಲ್ಲಿ ಎತ್ತುವಷ್ಟು ಗಟ್ಟಿ ಇರಬೇಕು.

ಲೋಟದ ಅಂಚಿಗೆ ಸಾಸ್ ಸವರಿ, ಮೆಣಸಿನಪುಡಿ, ಉಪ್ಪು, ಚಿಟಿಕೆ ಆಮ್ಚೂರ್ ಬೆರೆಸಿದ ಪುಡಿಯಲ್ಲಿ ಅದ್ದಿ. ಒಂದು ಪದರ ಮಾವು, ಒಂದು ಚಮಚ ಸಾಸ್, ಮತ್ತೆ ಮಾವು, ಮತ್ತೆ ಸಾಸ್. ಮೇಲೆ ತಾಜಾ ಹಣ್ಣಿನ ನಾಲ್ಕು ತುಂಡು.

ಅಪ್ಪ ಅನುಮಾನದಿಂದ ನೋಡಿದರು. "ಹಣ್ಣಿಗೆ ಯಾರಾದ್ರೂ ಖಾರ ಹಾಕ್ತಾರೇನೋ?" ಆಮೇಲೆ ಅರ್ಧ ಲೋಟ ಸುಮ್ಮನೆ ಕುಡಿದರು. "ಚೆನ್ನಾಗಿದೆ. ಎಲ್ಲಿ ಕಲಿತೆ?"

ಆ ಅಂಗಡಿಯ ಬಗ್ಗೆ ಹೇಳಲು ಶುರುಮಾಡಿದೆ. ಯಾವತ್ತು ಹೋಗಿದ್ದೆ, ಯಾಕೆ ಹೋಗಿದ್ದೆ ಅಂತ ಹೇಳುವಷ್ಟರಲ್ಲಿ ನಿಜ ಬಾಯಿಗೆ ಬಂದಿತ್ತು. ಹೇಳಿಬಿಟ್ಟೆ.

ಅಪ್ಪ ಲೋಟ ಕೆಳಗಿಡಲಿಲ್ಲ. "ರಾತ್ರಿ ಎರಡು ಗಂಟೇಲೂ ನಿನ್ ರೂಮಲ್ಲಿ ಲೈಟ್ ಉರೀತಿರೋದು ನೋಡ್ತಾನೇ ಇದ್ದೆ. ನೀನೇ ಹೇಳ್ಲಿ ಅಂತ ಸುಮ್ನಿದ್ದೆ" ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇನ್ನೂ ಇದ್ರೆ ಹಾಕು. ಖಾರ ಸ್ವಲ್ಪ ಕಡಿಮೆ ಮಾಡು."

ನಾಳೆ ಬೆಳಿಗ್ಗೆ ಒಂದು ಇಂಟರ್‌ವ್ಯೂ ಇದೆ. ಸಿಗುತ್ತೋ ಇಲ್ಲವೋ ಗೊತ್ತಿಲ್ಲ. ಆದರೆ ಇವತ್ತು ಸಂಜೆ ಅಪ್ಪನೇ ಮಾರುಕಟ್ಟೆಗೆ ಹೋಗಿ ಇನ್ನೊಂದು ಡಜನ್ ಬಾದಾಮಿ ತಂದು, ಹೋಳು ಮಾಡಿ ಫ್ರೀಜರ್‌ನಲ್ಲಿಟ್ಟಿದ್ದಾರೆ.