ಗಾಡಿ ರಿಪೇರಿಗೆ ಹೊಲದ ಹಾರಿ ಬ್ಯಾಡ



ನಮ್ಮ ಊರಾಗ ಹಾರಿ ಇಲ್ಲದ ಮನಿ ಸಿಗೂದಿಲ್ಲ. ಬೇಲಿಗೂಟಕ್ಕೆ ತೆಗ್ಗು ತೆಗೆಯಲು, ಕಲ್ಲು ಎಬ್ಬಿಸಲು, ಎರಿ ಹೊಲದಾಗ ಸಿಕ್ಕ ಚಕ್ಕಡಿ ಗಾಲಿ ಎತ್ತಲು, ಎಲ್ಲಕ್ಕೂ ಅದೇ ಬೇಕು. ಖಂಡೇ ಪೂಜೆಯ ದಿನ ಅದಕ್ಕೂ ವಿಭೂತಿ, ಕುಂಕುಮ ಹಚ್ಚುತ್ತೇವೆ. ಇದಕ್ಕೆ ನನ್ನ ತಕರಾರು ಏನೂ ಇಲ್ಲ. ತಕರಾರು ಇರೂದು ಅದೇ ಐದು ಫೂಟಿನ ಹಾರಿಯನ್ನು ರವಿವಾರ ಮಾರುತಿ ಗಾಡಿಯ ಬಾನೆಟ್ ಒಳಗೆ ಹಾಕೂದಕ್ಕೆ. ಹಾರಿ ಹಿಡಿಸದಿದ್ದರೆ ಸ್ಕ್ರೂಡ್ರೈವರ್! ಎರಡೂ ತಪ್ಪು ಎಂಬುದು ನನ್ನ ಅಭಿಪ್ರಾಯ. ಮನೆಯಲ್ಲೇ ಗಾಡಿ ಬಿಚ್ಚುವವರು ಅದಕ್ಕೆಂದೇ ಮಾಡಿದ ಒಂದೂವರೆ ಫೂಟಿನ ಸಣ್ಣ ಹಾರಿ, ಅಂದರೆ ಪ್ರೈ ಬಾರ್, ಇಟ್ಟುಕೊಳ್ಳಬೇಕು.

ಹಳ್ಳಿ ಕಡೆ ಹಳೇ ಗಾಡಿಗಳು ಬಹಳ. ಮಾರುತಿ 800 ತಯಾರಿಕೆ 2014ರಲ್ಲಿ ನಿಂತಿತು, ಓಮ್ನಿ 2019ರಲ್ಲಿ. ಆದರೂ ಅವು ಇನ್ನೂ ಸಂತೆಗೆ, ಮದುವೆಗೆ, ದವಾಖಾನೆಗೆ ಓಡ್ತಾವ. ಸಣ್ಣ ಸಣ್ಣ ಕೆಲಸಕ್ಕೆ ಹುಬ್ಬಳ್ಳಿ ಗ್ಯಾರೇಜಿಗೆ ಒಯ್ದರೆ ಇಡೀ ದಿನ ಹೋಗ್ತದ, ಕೂಲಿ ಬೇರೆ. ಅದಕ್ಕ ಅಪ್ಪ, ಕಾಕಾ, ಅಣ್ಣ ಮನಿ ಮುಂದೇ ಬಿಚ್ಚಿ ಕೂಡ್ತಾರ. ಪಾನಾ ಕೊಡೋರು, ಬ್ಯಾಟರಿ ಬೆಳಕು ಹಿಡಿಯೋರು ನಾವು. ಹಾರಿ ಜಾರಿದರೆ ಮೊದಲು ಸಿಗೂದು ನಮ್ಮ ಕೈ, ನಮ್ಮ ಕಣ್ಣು. ಆದ್ದರಿಂದ ಇದು ದೊಡ್ಡವರ ವಿಷಯ, ನಮಗೇಕೆ ಎನ್ನುವಂತಿಲ್ಲ.

"ಉದ್ದ ಇದ್ದಷ್ಟೂ ಛಲೋ, ಬಲ ಕಡಿಮಿ ಸಾಕು" ಎಂದು ಹಿರಿಯರು ಹೇಳುತ್ತಾರೆ. ಮಾತು ಖರೇ. ವಿಜ್ಞಾನದಲ್ಲಿ ನಾವೂ ಸನ್ನೆಕೋಲಿನ ಪಾಠ ಓದಿದ್ದೇವೆ. ಗ್ರೀಕ್ ಪಂಡಿತ ಆರ್ಕಿಮಿಡೀಸ್ ಕ್ರಿ.ಪೂ. 3ನೇ ಶತಮಾನದಲ್ಲೇ ಅದರ ನಿಯಮವನ್ನು ವಿವರಿಸಿದ್ದಾನೆ. ಧಾರವಾಡ-ಹುಬ್ಬಳ್ಳಿ ನಡುವೆ ರೈಲು ಹಳಿ ಸರಿಪಡಿಸುವವರು ಉದ್ದನೆಯ ಹಾರಿಯನ್ನೇ ಹಿಡಿಯುತ್ತಾರೆ, ಯಾಕಂದರೆ ಅವರು ಮೀಟುವುದು ಹಳಿಯನ್ನು. ಆದರೆ ಗಾಡಿಯೊಳಗೆ ನಾವು ಮೀಟುವುದು ಏನನ್ನು? ಲೆಕ್ಕ ಮಾಡಿ ನೋಡ್ರಿ.

ಹಾರಿ ಆನಿಸಿದ ಜಾಗದಿಂದ ತುದಿಗೆ 5 ಸೆಂ.ಮೀ. ಇರಲಿ. ಒಂದೂವರೆ ಫೂಟು ಎಂದರೆ ಸುಮಾರು 45 ಸೆಂ.ಮೀ. ಉಳಿದ 40 ಸೆಂ.ಮೀ. ನಮ್ಮ ಕೈ ಕಡೆ. 40 ಭಾಗಿಸು 5, ಎಂಟು ಪಟ್ಟು. 20 ಕಿಲೋ ಭಾರದಷ್ಟು ಒತ್ತಿದರೆ ತುದಿಯಲ್ಲಿ 160 ಕಿಲೋ ಆಯಿತು. ಅದೇ ಐದು ಫೂಟಿನ ಹಾರಿ ಸುಮಾರು 150 ಸೆಂ.ಮೀ. ಕೈ ಕಡೆ 145 ಉಳೀತದ, 29 ಪಟ್ಟು. ಅಷ್ಟೇ ಒತ್ತಿದರೂ ತುದಿಯಲ್ಲಿ 580 ಕಿಲೋ! ಅಲ್ಯೂಮಿನಿಯಂ ಭಾಗ ಬಿರಿಯದೆ ಏನು ಮಾಡೀತು? ಕೈಗೆ ಹಗುರ ಅನಿಸುವುದರಿಂದ ಎಷ್ಟು ಬಲ ಬಿತ್ತು ಎಂಬುದೂ ತಿಳಿಯುವುದಿಲ್ಲ.

ನಮ್ಮ ಕಡೆ ಹೆಚ್ಚಾಗಿ ಮಾಡುವ ಕೆಲಸ ಫ್ಯಾನ್ ಬೆಲ್ಟ್ ಬಿಗಿ ಮಾಡೂದು. (ಮಾರುತಿ 800ರ ಫ್ಯಾನ್ ಕರೆಂಟಿನ ಮೇಲೆ ತಿರುಗ್ತದ. ಆ ಬೆಲ್ಟ್ ತಿರುಗಿಸುವುದು ನೀರಿನ ಪಂಪನ್ನು ಮತ್ತು ಆಲ್ಟರ್ನೇಟರನ್ನು. ಹೆಸರು ಮಾತ್ರ ಹಳೇದೇ ಉಳಿದದ.) ಬೆಲ್ಟ್ ಸಡಿಲಾದರೆ ಚೀರ್ತದ, ಬ್ಯಾಟರಿ ಇಳೀತದ, ಎಂಜಿನ್ ಕಾಯ್ತದ. ಆಗ ಆಲ್ಟರ್ನೇಟರಿನ ಬೋಲ್ಟ್ ಸಡಿಲು ಮಾಡಿ, ಎಂಜಿನ್ನಿನ ಗಟ್ಟಿ ಜಾಗಕ್ಕೆ ಬಾರ್ ಆನಿಸಿ, ಆಲ್ಟರ್ನೇಟರನ್ನು ಮೆಲ್ಲಗೆ ಹೊರಗೆ ಒತ್ತಿ ಹಿಡಿದು, ಇನ್ನೊಂದು ಕೈಯಿಂದ ಬೋಲ್ಟ್ ಬಿಗಿ ಮಾಡಬೇಕು. ಬಾರ್ ತುದಿ ಅದರ ಮುಂದಿನ ದಪ್ಪ ಭಾಗಕ್ಕೇ ತಾಗಬೇಕು, ಹಿಂದಿನ ತೆಳು ಮುಚ್ಚಳಕ್ಕಲ್ಲ. ನಡುವೆ ಹೆಬ್ಬೆರಳಿಂದ ಒತ್ತಿದರೆ ಬೆಲ್ಟ್ ಸುಮಾರು ಒಂದು ಸೆಂ.ಮೀ. ಇಳಿದರೆ ಸಾಕು. ಅತಿ ಬಿಗಿಯಾದರೆ ಬೇರಿಂಗ್ ಹೋಗ್ತದ. ಇಂಥ ನಾಜೂಕು ಕೆಲಸಕ್ಕೆ ಐದು ಫೂಟಿನ ಹಾರಿ ಹೆಂಗ ಸರಿ? ಓಮ್ನಿಯಲ್ಲಂತೂ ಎಂಜಿನ್ ಮುಂದಿನ ಸೀಟಿನ ಕೆಳಗೆ, ಅಲ್ಲಿ ಅದನ್ನು ತಿರುಗಿಸಲಿಕ್ಕೂ ಜಾಗ ಇಲ್ಲ.

ಇನ್ನು ಸ್ಕ್ರೂಡ್ರೈವರ್. ಅದು ತಿರುವಲು ಮಾಡಿದ್ದು, ಮೀಟಲು ಅಲ್ಲ. ಅದರ ತುದಿಯನ್ನು ಬಹಳ ಗಡಸು ಮಾಡಿರ್ತಾರ, ಅಡ್ಡ ಬಲ ಬಿದ್ದರೆ ಬಾಗದೆ ಪಟ್ ಅಂತ ಮುರೀತದ. ನಮ್ಮ ಓಣಿಯ ಒಬ್ಬ ಕಾಕಾನ ಹುಬ್ಬಿನ ಮೇಲೆ ಹಂಗ ಸಿಡಿದ ತುಣುಕಿನ ಗುರುತು ಇನ್ನೂ ಅದ. ಅರ್ಧ ಇಂಚು ಕೆಳಗೆ ಬಡಿದಿದ್ದರೆ ಕಣ್ಣು.

ಹಂಗಾದರೆ ಎಂಥಾದ್ದು ತರಬೇಕು? ಒಂದು ತುದಿ ಚಪ್ಪಟೆ, ತೆಳುವಾಗಿ ಸಂದಿಗೆ ಹೋಗುವಂಥದ್ದು, ಸ್ವಲ್ಪ ಬಾಗಿರಬೇಕು. ಹಿಡಿಕೆ ಇದ್ದರೆ ಒಳಗಿನ ಉಕ್ಕು ಹಿಡಿಕೆಯ ಕೊನೆತನಕ ಬಂದಿರಬೇಕು. ಸ್ಲ್ಯಾಬಿಗೆ ಹಾಕುವ ಸರಳನ್ನು ಬಡಿದು ಚಪ್ಪಟೆ ಮಾಡಿದ್ದು ಬ್ಯಾಡ, ಬಾಗ್ತದ. ಪೇಟೆಯ ಮಾಲೇ ಆಗಬೇಕೆಂದು ನಾನು ಹೇಳುವುದಿಲ್ಲ. ಕಂಬಾರರು ಹಳೇ ಲಾರಿಯ ಕಮಾನ್ ಪಟ್ಟಿಯಿಂದ ಮಾಡಿದ್ದು ಅದಕ್ಕಿಂತ ಕಡಿಮೆ ಏನಲ್ಲ, ಹದ ಸರಿ ಇದ್ದರೆ. ಕೆಂಪಗೆ ಕಾಸಿ ಅದ್ದಿ ಅಷ್ಟಕ್ಕೇ ಬಿಟ್ಟರೆ ಅದು ಗಾಜಿನಂಗ ಮುರೀತದ, ಮತ್ತೊಮ್ಮೆ ಸಣ್ಣ ಬಿಸಿ ಕೊಟ್ಟು ಹದಕ್ಕೆ ತರಬೇಕು. ಇದನ್ನು ಕೇಳಿಯೇ ಮಾಡಿಸಬೇಕು.

ಪ್ರೈ ಬಾರ್ ಬಂದ ಮೇಲೂ ಎಲ್ಲಾ ಕಡೆ ಹಾಕಬಾರದು. ಎಂಜಿನ್ನಿನ ಎರಡು ಭಾಗ ಕೂಡುವ ನುಣುಪು ಸಂದಿಗೆ ಉಕ್ಕು ತುರುಕಿದರೆ ಗೀರು ಬಿದ್ದು ಆಯಿಲ್ ಸೋರ್ತದ. ಬಾಗಿಲಿನ ಪ್ಲಾಸ್ಟಿಕ್ ಪಟ್ಟಿಗೆ ಬಿದಿರಿನ ಸೀಳು ಸಾಕು. ಎಲ್ಲಕ್ಕಿಂತ ಮುಖ್ಯ: ಬರೀ ಜಾಕಿನ ಮೇಲೆ ನಿಂತ ಗಾಡಿಯನ್ನು ಮೀಟಬ್ಯಾಡ್ರಿ. ಮೀಟಿದಾಗ ಗಾಡಿ ಅಲುಗ್ತದ, ಜಾಕ್ ವಾಲ್ತದ. ಗಾಲಿಗೆ ಅಡೆ ಕೊಟ್ಟು, ಕೆಳಗೆ ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೇ ಕೈ ಹಾಕಬೇಕು. ಅಲ್ಲೀತನಕ ಬ್ಯಾಟರಿ ಹಿಡಿಯಲು ನಾವು ಕೆಳಗೆ ಹೋಗುವುದಿಲ್ಲ ಎಂದು ಹೇಳಿಬಿಡೋಣ. ಬೈದರೆ ಬೈಯಲಿ.

ವರ್ಷಕ್ಕೆ ನಾಲ್ಕು ಸಲ ಬೇಕಾಗುವ ಸಾಮಾನಿಗೆ ರೊಕ್ಕ ಯಾಕ ಎಂದು ಕೆಲವರು ಕೇಳಬಹುದು. ಕೂರಿಗೆಯನ್ನು ಕಡ ತಂದು ಬಿತ್ತುವ ಊರು ನಮ್ಮದು. ಓಣಿಗೊಂದು ಬಾರ್ ಇದ್ದರೂ ನಡೀತದ. ನನ್ನ ಲೆಕ್ಕದ ಬಗ್ಗೆ ಸಂಶಯ ಇದ್ದವರು ವಿಜ್ಞಾನದ ಸರ್ ಅವರನ್ನು ಕೇಳಿ, ಮುಂದಿನ ಸಂಚಿಕೆಗೆ ಬರೆದು ಕೊಡ್ರಿ. ಈ ಹಾಳೆಯ ಪಕ್ಕದಲ್ಲೇ ಅಂಟಿಸಲು ಜಾಗ ಬಿಟ್ಟಿದೆ.